ಹಂಚಿನ ಮೇಲೆ ಹಿಮದ ಮನುಷ್ಯ

ಐವತ್ತು ದಾಟಿದ ಗಂಡಸು ಹಲ್ಲಿನ ಡಾಕ್ಟರ ಮುಂದೆ ಬಿಟ್ಟರೆ ಬೇರೆಲ್ಲೂ ಬಾಯಿ ತೆರೆದುಕೊಂಡು ಕೂರುವ ಪ್ರಸಂಗ ಬರಬಾರದು ಎಂಬುದು ನನ್ನ ಅಭಿಪ್ರಾಯ. ಅಷ್ಟು ವಯಸ್ಸಾಗುವ ಹೊತ್ತಿಗೆ ನೋಡಬೇಕಾದ್ದನ್ನೆಲ್ಲ ನೋಡಿರುತ್ತೇವೆ. ಪೆಟ್ರೋಲಿನ ದರ ನೋಡಿರುತ್ತೇವೆ, ಹೆಂಡತಿಯ ತವರಿನವರನ್ನು ನೋಡಿರುತ್ತೇವೆ, ಪುಣೆಯಲ್ಲಿ ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು ಸ್ಕೂಟರ್ ಓಡಿಸುವವರು ಯಾವ ಸನ್ನೆಯೂ ಇಲ್ಲದೆ ಬಲಕ್ಕೆ ತಿರುಗುವುದನ್ನೂ ನೋಡಿ ಬದುಕಿ ಬಂದಿರುತ್ತೇವೆ. ಇನ್ನು ದಂಗಾಗುವುದಕ್ಕೆ ಉಳಿದಿರುವುದಾದರೂ ಏನು? ಹೀಗೆಂದು ನಾನು ಧೈರ್ಯವಾಗಿದ್ದೆ. ಕಳೆದ ಕ್ರಿಸ್‌ಮಸ್ಸಿಗೆ ಮುಂಚಿನ ಗುರುವಾರ ಮಧ್ಯಾಹ್ನ ನಿಗಡಿ ಬಡಾವಣೆಯ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ತೆರೆದ ಬಾಯಿಯನ್ನು ಮುಚ್ಚಿಕೊಳ್ಳಲು ನನಗೆ ಸಂಜೆಯಾಯಿತು. ದವಡೆಯ ಒಂದು ಬದಿ ಇವತ್ತಿಗೂ ಚಪಾತಿ ಅಗಿಯುವಾಗ ಕಟಕಟ ಎನ್ನುತ್ತದೆ.

ನನ್ನ ಊರು ವಿಜಯಪುರದ ಕಡೆಯದು, ಹೊಟ್ಟೆಪಾಡು ಪುಣೆಯದು. ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಮೋಟಾರುಗಾಡಿಗಳ ತಗಡಿನ ಭಾಗಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆಯುತ್ತಾರೆ. ಒತ್ತಿದ್ದು ಸರಿಯಾಗಿದೆಯೇ ಇಲ್ಲವೇ ಎಂದು ನೋಡುವುದು ನನ್ನ ಕೆಲಸ. ಹೊಸ ಅಚ್ಚು ಕೂರಿಸಿದಾಗ ಮೊದಮೊದಲು ಬರುವ ತುಂಡುಗಳು ಪರೀಕ್ಷೆಗೆ ಮಾತ್ರ. ಅವಕ್ಕೆ ‘ಟ್ರಯಲ್, ಮಾರಾಟಕ್ಕಲ್ಲ’ ಎಂಬ ಹಳದಿ ಚೀಟಿ ಕಟ್ಟಿ ಪಕ್ಕಕ್ಕಿಡುತ್ತೇನೆ. ಇಷ್ಟು ವರ್ಷಗಳಲ್ಲಿ ಟ್ರಯಲ್ ಮಾಲನ್ನು ಅಸಲಿ ಮಾಲೆಂದು ಒಂದು ಸಲವೂ ಹೊರಗೆ ಬಿಟ್ಟವನಲ್ಲ. ಈ ಮಾತನ್ನು ಸ್ವಲ್ಪ ನೆನಪಿಡಿ. ಮುಂದೆ ನನಗೆ ನಾಚಿಕೆಯಾಗುವುದಕ್ಕೆ ಬೇಕಾಗುತ್ತದೆ.

ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ ತಗಡು ಒತ್ತುವ ನಮ್ಮ ಪ್ರೆಸ್ ಶಾಪಿನ ಸದ್ದು. ಯಂತ್ರ ಒಂದೊಂದು ಸಲ ಬಿದ್ದಾಗಲೂ ಎದೆಯೊಳಗೆ ಯಾರೋ ಬಾಗಿಲು ತಟ್ಟಿದಂತಾಗುತ್ತದೆ. ಕಿವಿಗೆ ರಬ್ಬರಿನ ಬಿರಡೆ ತುರುಕಿಕೊಂಡೇ ಇರಬೇಕು. ಹೀಗಾಗಿ ಅಲ್ಲಿ ಯಾರು ಏನು ಹೇಳಿದರೂ ನಾವೆಲ್ಲ ತಲೆಯಾಡಿಸಿಬಿಡುತ್ತೇವೆ. ಮತ್ತೆ ಮತ್ತೆ ‘ಏನು? ಏನು?’ ಎಂದು ಕೇಳಿದರೆ ಕೆಲಸ ಸಾಗುವುದಿಲ್ಲ. ಹಾಗೆ ತಲೆಯಾಡಿಸಿಯೇ ನಾನೊಮ್ಮೆ ಗಣಪತಿ ಹಬ್ಬದ ಢೋಲು ಬಾರಿಸುವ ತಂಡದ ಸದಸ್ಯನಾಗಿಬಿಟ್ಟಿದ್ದೆ. ನನ್ನ ಹೆಸರು ಬರೆದುಕೊಂಡಾಯಿತು ಎಂದು ಗೊತ್ತಾದದ್ದು ಸೊಂಟಕ್ಕೆ ಢೋಲು ಕಟ್ಟಿದಾಗಲೇ. ವಿಸರ್ಜನೆಯ ದಿನ ಗಣಪತಿ ನೀರಿಗೆ ಹೋದ, ನಾನು ಸೊಂಟದ ಡಾಕ್ಟರ ಬಳಿಗೆ ಹೋದೆ. ಬುದ್ಧಿ ಬರಬೇಕಿತ್ತು, ಬರಲಿಲ್ಲ.

ನಮ್ಮ ಶಾಪಿನಲ್ಲಿ ಶಿಂದೆ ಎಂಬ ಹುಡುಗನಿದ್ದಾನೆ. ಮದುವೆಯಾಗಿ ಎರಡು ಮಕ್ಕಳಾದರೂ ನಮಗೆಲ್ಲ ಅವನು ಹುಡುಗನೇ. ಕ್ಯಾಂಟೀನಿನಲ್ಲಿ ಮಿಸಳ್ ತಿನ್ನುತ್ತ ಅವನು ಮೊಬೈಲಿನಲ್ಲಿ ಡಾಲರು-ರೂಪಾಯಿ ವ್ಯಾಪಾರ ಮಾಡುತ್ತಿದ್ದ. ಡಾಲರು ಏರುತ್ತದೆ ಅನಿಸಿದರೆ ಕೊಳ್ಳುವುದು, ಇಳಿಯುತ್ತದೆ ಅನಿಸಿದರೆ ಮಾರುವುದು. ತೆರೆಯ ಮೇಲೆ ಏರಿದ್ದಕ್ಕೆ ಹಸಿರು ಗೆರೆ, ಇಳಿದದ್ದಕ್ಕೆ ಕೆಂಪು ಗೆರೆ. ‘ಹೊಸಬರಿಗೆ ಪಾಠ ಮೊಬೈಲಿನಲ್ಲೇ ಪುಕ್ಕಟೆ ಇದೆ ಕಾಕಾ, ನೋಡಿ’ ಅಂದ. ನೋಡಿದೆ. ಪಾಠ ಹೇಳುವ ಯುವಕ ಹೊಳೆಯುವ ಕಾರಿಗೆ ಒರಗಿ ನಿಂತು, ನಮ್ಮ ಹತ್ತಿರ ಇಲ್ಲದ ಡಾಲರನ್ನೂ ಮಾರಬಹುದು ಎಂದು ನಗುನಗುತ್ತ ಹೇಳಿದ. ನಾನು ದಂಗಾಗಿ ಆ ಪಾಠವನ್ನು ಇನ್ನೊಮ್ಮೆ ನೋಡಿದೆ. ಮನೆಗೆ ಬಂದು ರೊಟ್ಟಿ ತಟ್ಟುತ್ತಿದ್ದ ಅವ್ವನಿಗೂ ಹೇಳಿದೆ. ಅವ್ವ ರೊಟ್ಟಿ ತಿರುವಿ ಹಾಕಿ, "ಹಟ್ಟ್ಯಾಗ ಇಲ್ಲದ ಎಮ್ಮಿ ಮಾರಿದ್ರ ಕೊಂಡಾಂವ ಹಾಲು ಎಲ್ಲಿಂದ ಕರೀಬೇಕೋ ಮಲ್ಲೂ?" ಅಂದಳು. ಅದಕ್ಕೆ ಉತ್ತರ ಆ ಪಾಠದಲ್ಲಿ ಇರಲಿಲ್ಲ. ಮುಂದಿನ ಪಾಠದಲ್ಲಿ ಇರಬಹುದು ಅಂದುಕೊಂಡೆ.

ಈಗ ಫ್ರಿಜ್ಜಿನ ವಿಷಯಕ್ಕೆ ಬರಬೇಕು. ಬರಲು ನನಗೆ ಮನಸ್ಸಿಲ್ಲ, ಆದರೂ ಬರಬೇಕು. ನಮ್ಮ ಫ್ರಿಜ್ಜು ನಮ್ಮ ಸಂಸಾರದಷ್ಟೇ ಹಳೆಯದು. ಮನಸ್ಸಿದ್ದರೆ ತಂಪಾಗುತ್ತದೆ. ಇಲ್ಲದಿದ್ದರೆ ಒಳಗಿನ ದೀಪ ಉರಿಸಿಕೊಂಡು ಸುಮ್ಮನೆ ಕೂರುತ್ತದೆ, ಆಗ ಕೆಳಗೆ ಮೊಣಕಾಲಿನಿಂದ ಒಂದು ಕೊಡಬೇಕು. ನನ್ನ ಹೆಂಡತಿ ಸುವರ್ಣಾ ವರ್ಷವಿಡೀ ಹೊಲಿಗೆಯ ದುಡ್ಡು ಕೂಡಿಸಿ, ಅದಕ್ಕೆ ನನ್ನ ಬೋನಸ್ಸು ಸೇರಿಸಿ, ದಸರೆಗೆ ಹೊಸ ಫ್ರಿಜ್ಜು ಎಂದು ತೀರ್ಮಾನ ಮಾಡಿದ್ದಳು. ನಾನು ‘ದೀಪಾವಳಿಗೆ ಕಡಿಮೆಗೆ ಸಿಗುತ್ತದೆ’ ಅಂದೆ. ದೀಪಾವಳಿಗೆ ‘ವರ್ಷದ ಕೊನೆಗೆ ಇನ್ನೂ ಕಡಿಮೆ’ ಅಂದೆ. ನಿಜ ಸಂಗತಿ ಏನೆಂದರೆ, ಆ ದುಡ್ಡನ್ನು ನಾನು ಶಿಂದೆಯ ಕೈಯಿಂದ ಡಾಲರು ವ್ಯಾಪಾರದ ಖಾತೆ ತೆರೆಸಿ ಅದರೊಳಗೆ ಹಾಕಿದ್ದೆ. ಒಂದು ಬಾಗಿಲಿನ ಫ್ರಿಜ್ಜಿನ ದುಡ್ಡನ್ನು ಎರಡು ಬಾಗಿಲಿನದಾಗಿ ಮಾಡಿ ಅವಳನ್ನು ಬೆರಗುಗೊಳಿಸಬೇಕು ಎಂಬುದು ನನ್ನ ಆಸೆ. ಹೇಳದೆ ಮಾಡಿದೆ. ಹೇಳಿದ್ದರೆ ಮಾಡಲು ಬಿಡುತ್ತಿರಲಿಲ್ಲ, ಅಷ್ಟು ಬುದ್ಧಿ ಅವಳಿಗಿದೆ.

ಶಿಂದೆ ಖಾತೆಯನ್ನೆಲ್ಲ ಸಜ್ಜು ಮಾಡಿ, ಪ್ರೆಸ್ಸಿನ ಪಕ್ಕದಲ್ಲೇ ನಿಂತು ನನ್ನ ಮೊಬೈಲು ತೋರಿಸಿ ಏನೇನೋ ವಿವರವಾಗಿ ಹೇಳಿದ. ಯಂತ್ರ ದಡಾರನೆ ಬೀಳುತ್ತಿತ್ತು. ನಾನು ತಲೆಯಾಡಿಸಿದೆ.

ಅಲ್ಲಿಂದ ಮುಂದೆ ನನ್ನದು ಹಸಿರೋ ಹಸಿರು. ಕ್ಯಾಂಟೀನಿನಲ್ಲಿ ಕೊಂಡೆ, ಬಸ್ಸಿನಲ್ಲಿ ಮಾರಿದೆ. ಕನ್ನಡಕ ಮರೆತು ಹೋದ ದಿನವೂ ತೊಂದರೆಯಾಗದಿರಲೆಂದು ಮೊಬೈಲಿನ ಅಕ್ಷರಗಳನ್ನು ಅಂಗಡಿಯ ಬೋರ್ಡಿನಷ್ಟು ದೊಡ್ಡದು ಮಾಡಿಕೊಂಡಿದ್ದೆ. ತೆರೆಯ ತುಂಬ ಲಾಭವೇ ಕಾಣುತ್ತಿತ್ತು, ಮಿಕ್ಕಿದ್ದೆಲ್ಲ ಅಂಚಿನಾಚೆಗೆ ಸರಿದುಹೋಗಿತ್ತು. ಲಾಭ ಬಂದ ಮನುಷ್ಯನ ನಡಿಗೆಯೇ ಬದಲಾಗುತ್ತದೆ. ತರಕಾರಿ ಅಂಗಡಿಯಲ್ಲಿ ಕೊತ್ತಂಬರಿಗೆ ಚೌಕಾಶಿ ಮಾಡುವುದನ್ನು ಬಿಟ್ಟೆ. ಟಿವಿಯಲ್ಲಿ ಅಮೆರಿಕದ ಸುದ್ದಿ ಬಂದರೆ ‘ಶ್’ ಎಂದು ಎಲ್ಲರನ್ನೂ ಸುಮ್ಮನಾಗಿಸಿದೆ. "ಇವರಿಗೇನಾಗ್ಯದ?" ಎಂದು ಸುವರ್ಣಾ ಕೇಳಿದರೆ ಅವ್ವ, "ಗ್ಯಾಸ್ ಇರಬೇಕು, ಓಂಕಾಳು ಕೊಡು," ಅಂದಳು.

ಇಷ್ಟರಲ್ಲಿ ನಮ್ಮ ಕೆಳಗಿನ ಮನೆಯ ಸಿಸಿಲಿಯಾ ಮಾವಶಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮಾವಶಿ ಎಂದರೆ ಇಲ್ಲಿ ಚಿಕ್ಕಮ್ಮ. ಇಡೀ ಬಿಲ್ಡಿಂಗಿಗೆ ಅವರು ಮಾವಶಿಯೇ. ನರ್ಸಾಗಿ ನಿವೃತ್ತರಾದವರು, ಅವ್ವನಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ರಾತ್ರಿ ಕಳೆದವರು. ಅವರ ಚರ್ಚಿನ ಮಕ್ಕಳಿಗೆ ಪ್ರತಿ ವರ್ಷ ಕ್ರಿಸ್‌ಮಸ್ ಕುಕ್ಕಿ ಮಾಡಿ ಕೊಡುವುದು ಅವರದೇ ಪಾಲು. ಈ ಸಲ ಕೈಗೆ ಪ್ಲಾಸ್ಟರ್. ಸುವರ್ಣಾ, "ನಾ ಮಾಡ್ತೀನ್ರಿ ಮಾವಶಿ, ನೀವು ಚಿಂತಿ ಬಿಡ್ರಿ," ಎಂದು ಮಾತು ಕೊಟ್ಟುಬಿಟ್ಟಳು. ನಮ್ಮ ಮನೆಯಲ್ಲಿ ಓವನ್ ಇಲ್ಲ. ಹಾಗಾಗಿ ಬೇಯಿಸದೆ ಮಾಡುವ ಕುಕ್ಕಿ. ಬಿಸ್ಕತ್ತು ಪುಡಿ ಮಾಡಿ, ಬೆಣ್ಣೆ, ಗಟ್ಟಿ ಸಿಹಿ ಹಾಲು, ಕೋಕೋ ಪುಡಿ ಹಾಕಿ ಕಲಸಿ, ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಆಮೇಲೆ ಮೇಲೆ ಸಿಂಗಾರ. ‘ಫ್ರಿಜ್ಜಿನಲ್ಲಿಟ್ಟರೆ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಮಾವಶಿಯ ಫ್ರಿಜ್ಜಿನಲ್ಲಿ ಇಡೋಣವೆಂದರೆ ಅದು ಹಬ್ಬದ ಸಾಮಾನಿನಿಂದ ತುಂಬಿಹೋಗಿತ್ತು, ಬಾಗಿಲು ಮುಚ್ಚಿಕೊಂಡಿರಲೆಂದು ಕುರ್ಚಿ ಒತ್ತಿಟ್ಟಿದ್ದರು.

ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಆದ್ದರಿಂದ ನಾನೂ ಸಿಂಗಾರಕ್ಕೆ ಕೂತೆ. ಅಚ್ಚುಗಳು ಮಾವಶಿಯವು: ಗಿಡ, ನಕ್ಷತ್ರ ಮತ್ತು ಮೂರು ಉಂಡೆ ಪೇರಿಸಿದಂಥ ಹಿಮದ ಮನುಷ್ಯ. ಸುವರ್ಣಾ ಸಕ್ಕರೆಯ ಬಿಳಿ ಹಿಟ್ಟನ್ನು ಹಾಲಿನ ಪ್ಯಾಕೆಟ್ಟಿಗೆ ತುಂಬಿ, ತುದಿ ಕತ್ತರಿಸಿ, ಮೆಹಂದಿ ಹಾಕಿದಷ್ಟು ಸಲೀಸಾಗಿ ಗೆರೆ ಎಳೆಯುತ್ತಿದ್ದಳು. ಗಿಡಗಳ ಮೇಲೆ ನಮ್ಮ ಊರ ರಂಗೋಲಿ ಅರಳಿತು. ನನಗೆ ಕೊಟ್ಟ ಕೆಲಸ ಕೆಂಪು ಮತ್ತು ಹಸಿರು ಸಕ್ಕರೆಯ ಕಾಳು ಉದುರಿಸುವುದು. ಆದರೆ ಕೆಂಪು ಕಂಡರೆ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. "ಕೆಂಪು ಯಾಕ ಹಾಕವಲ್ರಿ?" ಎಂದಳು. "ಕೆಂಪು ಛಲೋ ಅಲ್ಲ," ಅಂದೆ. ಅಷ್ಟರಲ್ಲಿ ಅವ್ವ ಬಗ್ಗಿ ನೋಡಿ, ಹಿಮದ ಮನುಷ್ಯರ ಹಣೆ ಬರಿದಾಗಿದೆ, ಹಬ್ಬಕ್ಕೆ ಹೀಗೆ ಇಡಬಾರದು ಎಂದು ಒಬ್ಬೊಬ್ಬನಿಗೂ ಟೂಟಿಫ್ರೂಟಿಯ ಒಂದೊಂದು ಕೆಂಪು ಚೂರು ಇಟ್ಟುಬಿಟ್ಟಳು. ಸಾಲಾಗಿ ಮಲಗಿದ್ದ ಆ ಬಿಳಿಯರೆಲ್ಲ ಒಮ್ಮೆಲೇ ನಮ್ಮ ಬೀಗರಂತೆ ಕಾಣತೊಡಗಿದರು.

ಸಿಂಗಾರಗೊಂಡ ತಟ್ಟೆಗಳು ಮತ್ತೆ ಫ್ರಿಜ್ಜಿಗೆ ಹೋದವು. ಸ್ವಲ್ಪ ಹೊತ್ತಿಗೆ ಸುವರ್ಣಾ ಬಾಗಿಲು ತೆರೆದು ನೋಡಿದಳು. ದೀಪ ಉರಿಯುತ್ತಿತ್ತು. ದೀಪವೊಂದೇ ಉರಿಯುತ್ತಿತ್ತು. ಅವಳೊಂದು ಮೊಣಕಾಲು ಕೊಟ್ಟಳು, ನಾನೊಂದು ಕೊಟ್ಟೆ. ಫ್ರಿಜ್ಜು ಒಮ್ಮೆ ನಿಟ್ಟುಸಿರುಬಿಟ್ಟು ಶಾಶ್ವತವಾಗಿ ಮೌನವಾಯಿತು. ಗಿಡಗಳು ಬಾಗತೊಡಗಿದ್ದವು, ಹಿಮದ ಮನುಷ್ಯರು ಬೆವರುತ್ತಿದ್ದರು. ಸಂಜೆ ಚರ್ಚಿಗೆ ಹೋಗಬೇಕಾದ ತಿನಿಸು. ಸುವರ್ಣಾಳ ಕಣ್ಣಲ್ಲಿ ನೀರು ಬಂತು. "ಮಾತ ಕೊಟ್ಟೀನಿ ರೀ ನಾ," ಅಂದಳು, ಅಷ್ಟೇ. ದಸರೆ ಅನ್ನಲಿಲ್ಲ, ದೀಪಾವಳಿ ಅನ್ನಲಿಲ್ಲ. ನನಗೆ ಎದೆಯೊಳಗೆ ಪ್ರೆಸ್ಸು ಬಿದ್ದಂತಾಯಿತು. ಮೂಲೆಯ ಕಬ್ಬಿನ ಹಾಲಿನ ಅಂಗಡಿಯವನ ಹತ್ತಿರ ಮಂಜುಗಡ್ಡೆ ತರುತ್ತೇನೆಂದು ನಾನು ಓಡಿದೆ. ಮಾವಶಿಯ ಫ್ರಿಜ್ಜಿನಲ್ಲಿ ಒಂದು ತಟ್ಟೆಗಾದರೂ ಜಾಗ ಸಿಗುತ್ತದೋ ಎಂದು ಅವಳು ಕೆಳಗೆ ಹೋದಳು. ತಟ್ಟೆಗಳ ಕಾವಲಿಗೆ ಅವ್ವ ಉಳಿದಳು.

ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಬಡಿಯಿತು, ಸಕ್ಕರೆ ಸೀಯುವ ವಾಸನೆ. ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತೆ. ಗ್ಯಾಸಿನ ಮೇಲೆ ರೊಟ್ಟಿಯ ಹಂಚು. ಹಂಚಿನ ಮೇಲೆ ಹಿಮದ ಮನುಷ್ಯರು. ತಲೆ ಯಾವುದು ಹೊಟ್ಟೆ ಯಾವುದು ಗುರುತು ಸಿಗದಂತೆ ಒಬ್ಬರೊಳಗೊಬ್ಬರು ಹರಿದು ಹೋಗುತ್ತಿದ್ದರು. ಹಣೆಯ ಕೆಂಪುಬೊಟ್ಟು ಮಾತ್ರ ಚುಂಯ್ ಎನ್ನುತ್ತ ತೇಲುತ್ತಿತ್ತು. ಅವ್ವ ಕೈಯಲ್ಲಿ ಸೌಟು ಹಿಡಿದು, ಅವರನ್ನು ತಿರುವಿ ಹಾಕುವ ಪ್ರಯತ್ನದಲ್ಲಿದ್ದಳು.

"ಅವ್ವಾ! ಏನ ಮಾಡಾಕತ್ತೀದಿ?"

"ಹಸೀದು ಅದಾವಲ್ಲೋ ಇವು! ಮುಟ್ಟಿದ್ರ ಬೆರಳು ಒಳಗ ಹೋಗ್ತದ. ಒಲಿ ಕಾಣದ್ದನ್ನ ಮಂದಿ ಮಕ್ಕಳಿಗೆ ಹೆಂಗ ಕೊಡ್ತೀರಿ? ಅವು ಹೊಟ್ಟಿ ಹಿಡಕೊಂಡ್ರ? ಸುವರ್ಣಾಗ ಆಗವಲ್ದು, ಅಳಾಕತ್ತಾಳ, ಅದಕ್ಕ ನಾನಽ ಎರಡೂ ಕಡೆ ಬೇಯಿಸಿ ಕೊಡೂಣ ಅಂತ."

ನನ್ನ ಬೆನ್ನ ಹಿಂದೆ "ಅಗ ಬಾಈ!" ಎಂಬ ಉದ್ಗಾರ ಕೇಳಿತು. ಮಾವಶಿ ಪ್ಲಾಸ್ಟರಿನ ಕೈ ಎದೆಗವಚಿಕೊಂಡು ನಿಂತಿದ್ದರು, ಪಕ್ಕದಲ್ಲಿ ಸುವರ್ಣಾ. ಅವಳ ಮುಖ ನೋಡಲಾರದೆ ನಾನು ಮಂಜುಗಡ್ಡೆ ನೋಡಿದೆ, ಅದೂ ಕರಗುತ್ತಿತ್ತು. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ನನ್ನೊಳಗೆ ಅಷ್ಟು ದಿನದಿಂದ ಕೂಡಿಟ್ಟ ಹಸಿರು ಇತ್ತಲ್ಲ! ಹೆಂಡತಿಯ ಕಣ್ಣೀರು ಒರೆಸಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದು ಅನಿಸಿತು.

"ಅಳಬ್ಯಾಡ ಸುವರ್ಣಾ," ಎಂದು ಮೊಬೈಲು ಎತ್ತಿ ಹಿಡಿದೆ. "ಈಗಿಂದೀಗ ಹೊಸ ಫ್ರಿಜ್ ತರ್ತೀನಿ. ಎರಡು ಬಾಗಲದ್ದು! ನಿನ್ನ ಫ್ರಿಜ್ಜಿನ ರೊಕ್ಕ ಡಾಲರಿಗೆ ಹಾಕಿ ಡಬಲ್ ಮಾಡೀನಿ, ನೋಡಿಲ್ಲೆ!"

ಸುವರ್ಣಾ ಮೊಬೈಲು ನೋಡಲಿಲ್ಲ. "ಫ್ರಿಜ್ಜಿನ ರೊಕ್ಕ?" ಎಂದು ನನ್ನನ್ನು ನೋಡಿದಳು. ಮೊಬೈಲು ನೋಡಿದವರು ಮಾವಶಿ. ಔಷಧಿಯ ಬಾಟಲಿಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದುತ್ತಲೇ ಕೆಲಸ ಮಾಡಿದವರು, ಏನು ಕೈಗೆ ಕೊಟ್ಟರೂ ಮೊದಲು ಅಂಚನ್ನೇ ನೋಡುತ್ತಾರೆ. ಎಡಗೈಯ ಬೆರಳಿನಿಂದ ತೆರೆಯನ್ನು ಪಕ್ಕಕ್ಕೆ ಸರಿಸಿ, ಮೂಲೆಯಲ್ಲಿ ಅಡಗಿದ್ದ ಒಂದು ಹಳದಿ ಪಟ್ಟಿಯನ್ನು ಓದಿ, ಮರಾಠಿಯಲ್ಲಿ ಬಹಳ ಮೃದುವಾಗಿ ಕೇಳಿದರು, ರೋಗಿಯನ್ನು ಕೇಳುವ ಹಾಗೆ. ‘ಮಲ್ಲಿಕಾರ್ಜುನ, ಇಲ್ಲಿ ಪ್ರಾಕ್ಟೀಸ್ ಖಾತೆ ಅಂತ ಬರೆದಿದೆಯಲ್ಲ ಮಗಾ, ಇದು ಸುಳ್ಳು ದುಡ್ಡಲ್ಲವೇ?’

ಹಳದಿ ಪಟ್ಟಿ! ಹಳದಿ ಚೀಟಿ ಕಟ್ಟುವುದರಲ್ಲೇ ಕೂದಲು ನರೆಸಿಕೊಂಡ ನಾನು ಬಾಯಿ ತೆರೆದು ನಿಂತೆ. ಶಿಂದೆಗೆ ಫೋನು ಮಾಡಿದೆ. ಅವನಿಗೆ ನನಗಿಂತ ಆಶ್ಚರ್ಯ. ‘ಕಾಕಾ, ಅಂದೇ ಪ್ರೆಸ್ಸಿನ ಹತ್ತಿರ ಹೇಳಿದ್ದೆನಲ್ಲ! ಮೊದಲು ಸುಳ್ಳು ದುಡ್ಡಿನಲ್ಲಿ ಆಡಿ ಕಲಿಯಿರಿ, ಲೆಕ್ಕ ತಿಳಿಯಲೆಂದು ನಿಮ್ಮ ಮೊತ್ತವನ್ನೇ ಅಲ್ಲೂ ಇಟ್ಟಿದ್ದೇನೆ, ಆಮೇಲೆ ಅಸಲಿ ಖಾತೆಗೆ ಬದಲಿಸೋಣ ಅಂತ. ನೀವು ಚೆನ್ನಾಗಿ ತಲೆಯಾಡಿಸಿದಿರಿ.’ ನನ್ನ ಅಸಲು ದುಡ್ಡು ಹಾಕಿದ ದಿನ ಎಲ್ಲಿತ್ತೋ ಅಲ್ಲೇ, ಒಂದು ರೂಪಾಯಿ ಏರದೆ ಇಳಿಯದೆ ಮಲಗಿತ್ತು. ನನಗೆ ಹೋದ ಜೀವ ಬಂತು. ಬಂದ ಜೀವ ಸುವರ್ಣಾಳ ಮುಖ ನೋಡಿ ಮತ್ತೆ ಹೋಯಿತು.

ಇದೆಲ್ಲ ಏನೆಂದು ಅವ್ವನಿಗೆ ತಿಳಿಸಿ ಹೇಳಬೇಕಾಯಿತು. ವ್ಯಾಪಾರ ಮಾಡಿದ್ದು ನಿಜ, ಲಾಭ ಬಂದದ್ದೂ ನಿಜ, ಆದರೆ ದುಡ್ಡು ಮಾತ್ರ ಇಲ್ಲ. ಅವ್ವ ಹಂಚಿನಲ್ಲಿ ಗುಳುಗುಳು ಎನ್ನುತ್ತಿದ್ದ ಹಿಮದ ಮನುಷ್ಯರನ್ನೊಮ್ಮೆ ನೋಡಿದಳು, ನನ್ನ ಮೊಬೈಲನ್ನೊಮ್ಮೆ ನೋಡಿದಳು. "ಅಂದ್ರ ನಿಂದೂ ಹಸೀದಽ ಅನ್ನು," ಅಂದಳು. "ನಾ ಆದ್ರೂ ಬೇಯಿಸಿ ನೋಡಿದೆ. ನೀ ಹಸೀದಽ ಹೆಂಡ್ತಿಗೆ ಬಡಸಾಕ ಹೊಂಟಿದ್ದಿ."

ಮಾವಶಿ ಮೊದಲು ನಕ್ಕರು. ನಗುವಾಗ ಮುರಿದ ಕೈ ನೋಯುತ್ತದೆ, ನೋಯುತ್ತದೆ ಎನ್ನುತ್ತಲೇ ನಕ್ಕರು. ಸುವರ್ಣಾ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗ್ಯಾಸು ಆರಿಸಿದಳು. ತಟ್ಟೆಗಳಲ್ಲಿ ಮೆತ್ತಗಾಗಿ ಉಳಿದಿದ್ದ ಗಿಡ, ನಕ್ಷತ್ರಗಳನ್ನೆಲ್ಲ ಒಟ್ಟು ಮಾಡಿ ಅವ್ವನ ಮುಂದಿಟ್ಟು, "ಅತ್ತಿ, ಉಂಡಿ ಕಟ್ಟೂಣು ಬರ್ರಿ," ಅಂದಳು. ಪಂಚಮಿಗೆ ಶೇಂಗಾ ಉಂಡೆ ಕಟ್ಟಿ ಪಳಗಿದ ಕೈಗಳಿಗೆ ಇದೇನು ದೊಡ್ಡ ವಿಷಯ! ಕಟ್ಟಿದ್ದನ್ನು ಒಣಕೊಬ್ಬರಿಯ ಬಿಳಿ ಪುಡಿಯಲ್ಲಿ ಹೊರಳಿಸಿದರು. ನಾನು ತಂದ ಮಂಜುಗಡ್ಡೆಯ ಮೇಲೆ ತಟ್ಟೆ ಇಟ್ಟು ಗಟ್ಟಿ ಮಾಡಿದರು. ಆ ಇಡೀ ಮಧ್ಯಾಹ್ನದಲ್ಲಿ ನನ್ನಿಂದಾದ ಅಸಲಿ ಸಂಪಾದನೆ ಆ ಮಂಜುಗಡ್ಡೆ ಒಂದೇ. ಸಂಜೆ ಚರ್ಚಿನಲ್ಲಿ ಮಾವಶಿ ಮಕ್ಕಳಿಗೆ, ಹಿಮದ ಮನುಷ್ಯ ಪುಣೆಯ ಬಿಸಿಲು ತಾಳಲಾರದೆ ಕೈಯಲ್ಲಿದ್ದ ಹಿಮದ ಉಂಡೆಗಳನ್ನೆಲ್ಲ ಇಲ್ಲೇ ಬಿಟ್ಟು ಓಡಿಹೋದ ಎಂದು ಕಥೆ ಹೇಳಿದರಂತೆ. ಡಬ್ಬಿ ಖಾಲಿಯಾಗಿ ಬಂತು. ಕೊಟ್ಟ ಮಾತು ಉಳಿಯಿತು, ಮಂಜುಗಡ್ಡೆಯೊಂದು ಬಿಟ್ಟರೆ ನನ್ನ ಕೈವಾಡವಿಲ್ಲದೆ.

ಅಸಲು ದುಡ್ಡು ವಾಪಸು ತೆಗೆದದ್ದಾಯಿತು, ಒಂದು ಬಾಗಿಲಿನ ಹೊಸ ಫ್ರಿಜ್ಜು ಬಂದದ್ದಾಯಿತು. ಸುವರ್ಣಾ ಜಗಳವಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಉಪ್ಪು ಬೇಕೇ ಎಂದು ಕೇಳುತ್ತಿದ್ದಳು, ಅದಕ್ಕಿಂತ ಹೆಚ್ಚು ಮಾತಿಲ್ಲ. ಪ್ರೆಸ್ಸಿನ ಸದ್ದನ್ನಾದರೂ ತಡೆದುಕೊಳ್ಳಬಹುದು, ಇದನ್ನು ತಡೆಯುವ ಬಿರಡೆ ಎಲ್ಲೂ ಸಿಗುವುದಿಲ್ಲ. ಕೊನೆಗೆ ಮೊನ್ನೆ ಒಂದು ಗುರುವಾರ ಅವಳ ಹೊಲಿಗೆ ಯಂತ್ರದ ಪಕ್ಕ ನಿಂತು ಮೆಲ್ಲಗೆ ಕೇಳಿದೆ. "ಹೇಳದ ಮಾಡಿದ್ದು ತಪ್ಪಾತು. ಸಿಟ್ಟು ಹೋತೇನ?"

"ಹೋತ್ರಿ," ಎಂದಳು ಸೂಜಿಗೆ ದಾರ ಪೋಣಿಸುತ್ತ. "ಮಾಫ್ ಮಾಡೀನಿ."

ನನ್ನ ಮೈಯೆಲ್ಲ ಹಗುರಾಯಿತು. ಸೋಫಾದ ಮೇಲೆ ಕಾಲು ಚಾಚಿ ಕೂತು, "ಹಂಗಾದ್ರ ಹಸಿಶುಂಠಿ ಹಾಕಿ ಒಂದು ಕಪ್ ಚಾ ಮಾಡು," ಅಂದೆ.

ಅವಳು ಕಣ್ಣೆತ್ತಿ ನೋಡಿದಳು. "ಚಾ? ಅಷ್ಟಕ್ಕ ಹೋಗಬ್ಯಾಡ್ರಿ. ಇದು ಬರೇ ಪ್ರಾಕ್ಟೀಸ್ ಮಾಫಿ ಅದ. ಖರೇದ್ದು ಯಾವಾಗ ಅಂತ ಆಮ್ಯಾಲೆ ಹೇಳ್ತೀನಿ," ಎಂದು ಯಂತ್ರ ತುಳಿಯತೊಡಗಿದಳು.

ಆಗ ಮನೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ, ಕಿವಿಯಲ್ಲಿ ಬಿರಡೆಯೂ ಇರಲಿಲ್ಲ. ಒಂದಕ್ಷರ ಬಿಡದೆ ಎಲ್ಲವೂ ಕೇಳಿಸಿತ್ತು. ಆದರೂ ನಾನು ತಲೆಯಾಡಿಸಿದೆ.